ಹಾಸಿನ ಓಣಿಯ ಟ್ರಾಮ್

ಗಜೇಂದ್ರಗಡದಲ್ಲಿ ಟ್ರಾಮ್ ಇದ್ದದ್ದು ಒಂದೇ ಒಂದು ಮಳೆಗಾಲ, ಎರಡು ಸಾವಿರದ ಆರನೆಯ ಇಸವಿಯಲ್ಲಿ. ಹಳಿ ಇರಲಿಲ್ಲ, ಡಬ್ಬಿ ಇರಲಿಲ್ಲ, ತಲೆಯ ಮೇಲೆ ತಂತಿಯೂ ಇರಲಿಲ್ಲ. ಆದರೆ ಟ್ರಾಮ್ ಸಾಹೇಬರೊಬ್ಬರಿದ್ದರು, ಟ್ರಾಮಿನ ಕಾಯಿದೆ ಇತ್ತು, ಆ ಕಾಯಿದೆಗೆ ಅಂಜುವ ಮಂದಿ ನಾವಿದ್ದೆವು. ಸರಕಾರದ ಎಷ್ಟೋ ಯೋಜನೆಗಳಲ್ಲಿ ಇಷ್ಟೂ ಇರುವುದಿಲ್ಲ.

ನಮ್ಮದು ಹಾಸಿನ ಓಣಿ, ಸೀರೆ ನೇಯುವವರ ಓಣಿ. ಮಗ್ಗಕ್ಕೆ ಏರಿಸುವ ಮೊದಲು ಉದ್ದುದ್ದ ನೂಲನ್ನು ಬೀದಿಯಲ್ಲಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸುತ್ತೇವೆ. ಅದಕ್ಕೆ ಹಾಸು ಎನ್ನುತ್ತೇವೆ. ಹಸಿ ಹಾಸನ್ನು ಆರುವ ಮೊದಲೇ ಸುತ್ತಿದರೆ ಎಳೆಗೆ ಎಳೆ ಅಂಟಿ ಕೂಡುತ್ತದೆ. ಆಮೇಲೆ ಅದು ಸೀರೆಗೂ ಬೇಡ, ಎಮ್ಮೆ ಕಟ್ಟುವ ಹಗ್ಗಕ್ಕೂ ಬೇಡ. ಹಾಗಾಗಿ ಹಾಸು ಕಟ್ಟಿದಾಗ ನಮ್ಮ ಓಣಿಯ ನಾಯಿಗಳು ಸಹ ಬಗ್ಗಿ ಹೋಗುತ್ತವೆ. ಓಣಿಯೋ, ಒಂದು ಆಟೋ ಬಂತೆಂದರೆ ಎರಡೂ ಬದಿಯ ಕಟ್ಟೆಯ ಮೇಲೆ ಕೂತವರು ಕಾಲು ಮೇಲೆತ್ತಿಕೊಳ್ಳಬೇಕು, ಅಷ್ಟು ಅಗಲ. ಒಂದು ತುದಿಗೆ ಪೇಟೆ, ಇನ್ನೊಂದು ತುದಿಗೆ ಗುಡ್ಡ. ನಡುವೆ ಹೊರಳಿಸಲು ಜಾಗವಿಲ್ಲ. ಪೇಟೆಯ ಕಡೆಯಿಂದ ಒಳಹೊಕ್ಕ ಗಾಡಿ ಗುಡ್ಡದ ಕಡೆಗೇ ಹೊರಬಿದ್ದು ಸುತ್ತಿ ಬರಬೇಕು.

ಈ ಓಣಿಯ ನಟ್ಟನಡುವೆ ಈಶಪ್ಪನ ಮನೆ. ಆ ವರ್ಷ ನೇಕಾರರ ಸೊಸೈಟಿಯವರು ಸೀರೆಯ ಗಂಟು ಹೊರಿಸಿ ಅವನನ್ನು ಕಲಕತ್ತೆಯ ಮೇಳಕ್ಕೆ ಕಳಿಸಿದ್ದರು. ಹೋದ ದಿನವೇ ಬೀದಿಯಲ್ಲಿ ಏನೋ ತಿಂದು ಹೊಟ್ಟೆ ಕೆಡಿಸಿಕೊಂಡ. ಮೇಳ ಮುಗಿಯುವವರೆಗೂ ಅವನು ಕಂಡ ಕಲಕತ್ತೆಯೆಂದರೆ ಲಾಡ್ಜಿನ ಪಾಯಖಾನೆ ಮತ್ತು ಅದರ ಪಕ್ಕದ ಕಿಟಕಿ. ಕಿಟಕಿಯ ಕೆಳಗೆ ಇಕ್ಕಟ್ಟಾದ ಓಣಿ, ಓಣಿಯಲ್ಲಿ ಒಂದೇ ಹಳಿ, ಹಳಿಯ ಮೇಲೆ ಟ್ರಾಮ್.

ಊರಿಗೆ ಬಂದವನು ಹೊಟ್ಟೆಯ ಸುದ್ದಿ ಬಿಟ್ಟು ಟ್ರಾಮಿನ ಸುದ್ದಿ ಹೇಳಿದ. ಯಾರಾದರೂ ಹಾಗೆಯೇ ಮಾಡುತ್ತಾರೆ.

“ಟ್ರಾಮಿನ್ಯಾಗ ಕುಂತಿದ್ರೇನು ಈಶಪ್ಪಣ್ಣ?” ಎಂದು ಗುಡ್ಡದ ತುದಿಯ ಮನೆಯ ಪರಪ್ಪ ಕೇಳಿದ.

“ಕುಂದ್ರೂದೇನ್ ದೊಡ್ಡದು ಬಿಡೋ,” ಎಂದ ಈಶಪ್ಪ.

ಇದು ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಆದರೆ ಈ ಮಾತು ಪರಪ್ಪನಿಂದ ಪೇಟೆಯ ತುದಿಯ ಹುಚ್ಚವ್ವನ ಮಿರ್ಚಿ ಭಜಿ ಅಂಗಡಿಗೆ ಹೋಗುವಷ್ಟರಲ್ಲಿ ಈಶಪ್ಪ ಟ್ರಾಮ್ ಹತ್ತಿದ್ದ. ಹುಚ್ಚವ್ವನ ಅಂಗಡಿಯಿಂದ ಬಸ್‌ಸ್ಟ್ಯಾಂಡಿಗೆ ಮುಟ್ಟುವಷ್ಟರಲ್ಲಿ ಟ್ರಾಮ್ ನಡೆಸಿದ್ದ. ಮಂದಿ ಅವನನ್ನು ಟ್ರಾಮ್ ಸಾಹೇಬ ಎಂದು ಕರೆಯತೊಡಗಿದರು. ಅವನು ಬೇಡವೆನ್ನಲಿಲ್ಲ.

ಅವನ ಹೆಂಡತಿ ಬನಶಂಕರಿ ಮಾತ್ರ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನಗುತ್ತಿದ್ದಳು. “ನಡಿಸ್ಯಾರ, ಖರೇನ ನಡಿಸ್ಯಾರ. ಚರಿಗಿ ಕೈಯಾಗ ಹಿಡ್ಕೊಂಡು ಖಿಡಕ್ಯಾಗಿಂದ ನಡಿಸ್ಯಾರ,” ಎನ್ನುತ್ತಿದ್ದಳು. ನಗು ಜಾಸ್ತಿಯಾದರೆ ಕೆಮ್ಮು, ಕೆಮ್ಮು ಜಾಸ್ತಿಯಾದರೆ ದಮ್ಮು. ಹುಟ್ಟಿದಾಗಿನಿಂದ ನೂಲಿನ ಧೂಳು ಉಸಿರಾಡಿದ ಎದೆ ಅವಳದು. ದಮ್ಮು ಹತ್ತಿತೆಂದರೆ ತುಟಿ ನೀಲಿಯಾಗುತ್ತಿತ್ತು. ಆಗ ನಗಿಸಿದವರು ನಾವೇ ಎಂದು ನಮಗೆ ನಾಚಿಕೆಯಾಗುತ್ತಿತ್ತು.

ಶ್ರಾವಣ ಹತ್ತುವ ಮೊದಲು ಹಾಗೆ ಒಮ್ಮೆ ಹತ್ತಿತು. ಜಂಗ್ಲಿಸಾಬ ಆಟೋ ತಂದ. ಹಿಂದೆ ಟಾಂಗಾ ಹೊಡೆಯುತ್ತಿದ್ದವನು, ಈಗ ಆಟೋವನ್ನೂ ಕುದುರೆಯಂತೆ ಬೈದು ಬೈದು ಓಡಿಸುತ್ತಾನೆ. ಬನಶಂಕರಿಯನ್ನು ಕೂಡಿಸಿಕೊಂಡು ಗುಡ್ಡದ ಕಡೆಗೆ ಹೊರಟರೆ ಎದುರಿಗೆ ಪರಪ್ಪನ ಚಕ್ಕಡಿ, ಅದರ ತುಂಬ ಉಳ್ಳಾಗಡ್ಡಿ ಚೀಲ.

“ಹಿಂದ ಸರೀರಿ ಪರಪ್ಪಣ್ಣ,” ಎಂದ ಜಂಗ್ಲಿಸಾಬ.

“ಎತ್ತು ಹಿಂದ ಸರಿತಾವೇನು? ನಿಂದು ಮಷೀನ್ ಐತಿ, ನೀ ಸರಿ.”

“ಹಿಂದ ನೀರಿನ ಗಾಡಿ ಬಂದು ನಿಂತೈತ್ರಿ.”

“ಅದು ನಿನ್ನ ಹಣೇಬಾರ.”

ಯಾರು ಮೊದಲು ಓಣಿ ಹೊಕ್ಕರು ಎಂಬುದರ ಬಗ್ಗೆ ಎರಡೂ ಬದಿಯ ಕಟ್ಟೆಯ ಮೇಲೆ ಅಭಿಪ್ರಾಯಗಳು ಎದ್ದವು. ನನ್ನದೂ ಒಂದಿತ್ತು. ಅಭಿಪ್ರಾಯಗಳೆಲ್ಲ ಮುಗಿಯುವ ಮೊದಲೇ ಬನಶಂಕರಿ ಆಟೋದಿಂದ ತಾನೇ ಇಳಿದು, ಗೋಡೆ ಹಿಡಿದು, ನಿಂತು ನಿಂತು ದವಾಖಾನೆಗೆ ನಡೆದಳು. ಆ ಸಲ ಬದುಕಿದಳು. ಡಾಕ್ಟರು ಈಶಪ್ಪನನ್ನು ಹೊರಗೆ ಕರೆದು ಹೇಳಿದರು: “ಇನ್ನೊಮ್ಮೆ ಇಷ್ಟು ತಡಾ ಮಾಡಿ ನನ್ನ ಹಂತ್ಯಾಕ ತರಬ್ಯಾಡ್ರಿ. ತಂದ್ರೂ ಉಪಯೋಗಿಲ್ಲ.”

ಮರುದಿನ ಈಶಪ್ಪ ಹುಚ್ಚವ್ವನ ಅಂಗಡಿಯ ಮುಂದೆ ಓಣಿಯವರನ್ನೆಲ್ಲ ಕೂಡಿಸಿದ. ಯಾವಾಗಲೂ ಟ್ರಾಮಿನ ಮಾತು ತೆಗೆದರೆ ಅವನ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಅವತ್ತು ಬರೀ ಹೆದರಿಕೆ ಇತ್ತು.

“ಕಲಕತ್ತಾದಾಗ ನಮ್ಮ ಓಣಿಗಿಂತ ಸಣ್ಣ ಓಣಿ ಅದಾವು,” ಎಂದ. “ಒಂದ ಹಳಿ. ಆ ಕಡಿಂದೂ ಟ್ರಾಮ್ ಬರತೈತಿ, ಈ ಕಡಿಂದೂ ಬರತೈತಿ. ಹಂಗಾರ ಡಿಕ್ಕಿ ಯಾಕ ಆಗಂಗಿಲ್ಲ?”

“ದೇವರ ದಯಾ,” ಎಂದಳು ಹುಚ್ಚವ್ವ.

“ದೇವರಲ್ಲಬೇ, ಕೋಲು. ಓಣಿಗೆ ಒಂದ ಕೋಲು. ಅದು ಯಾರ ಕೈಯಾಗ ಐತಿ ಅವ ಒಳಗ ಬರಬೇಕು. ಇಲ್ಲದವ ತುದ್ಯಾಗ ನಿಂದ್ರಬೇಕು. ಅವ ಲಾಟಸಾಹೇಬ ಇದ್ರೂ ಅಷ್ಟ.”

ಇದನ್ನು ಅವನು ಆ ಕಿಟಕಿಯಿಂದ ಕಂಡನೋ, ಬರುವ ರೈಲಿನಲ್ಲಿ ಯಾರಾದರೂ ಹೇಳಿದರೋ, ನನಗೆ ತಿಳಿಯದು. ಆದರೆ ಟ್ರಾಮ್ ನಡೆಸಿದವನ ಮಾತು, ಅಲ್ಲಗಳೆಯಲು ನಮ್ಮಲ್ಲಿ ಯಾರೂ ಟ್ರಾಮ್ ನೋಡಿದವರಿರಲಿಲ್ಲ. ಈಶಪ್ಪ ಕೋಲಿನ ಬದಲು ಬನಶಂಕರಿಯ ಮಗ್ಗದಲ್ಲಿ ಅಡ್ಡನೂಲು ಹಾಯಿಸುವ ಒಂದು ಹಳೆಯ ಲಾಳಿ ತಂದು, ಎತ್ತಿನ ಕೋಡಿಗೆ ಹಚ್ಚಿ ಉಳಿದ ಕೆಂಪು ಬಣ್ಣ ಬಳಿದ. ಪೇಟೆಯ ತುದಿಯಲ್ಲಿ ಹುಚ್ಚವ್ವ, ಗುಡ್ಡದ ತುದಿಯಲ್ಲಿ ಪರಪ್ಪ. ಗಾಡಿ ತಂದವನು ಈ ತುದಿಯಲ್ಲಿ ಲಾಳಿ ಇಸಿದುಕೊಂಡು ಆ ತುದಿಯಲ್ಲಿ ಕೊಡಬೇಕು. ಹೀಗೆ ಗಜೇಂದ್ರಗಡಕ್ಕೆ ಟ್ರಾಮ್ ಬಂತು.

ಮೊದಮೊದಲು ಬಹಳ ಚಲೋ ನಡೆಯಿತು. ಆಮೇಲೆ ತಿಳಿದದ್ದು, ಲಾಳಿ ಯಾವಾಗಲೂ ನಿಮಗೆ ಬೇಡವಾದ ತುದಿಯಲ್ಲೇ ಇರುತ್ತದೆ ಎಂಬುದು. ಗುಡ್ಡದ ಕಡೆಯಿಂದ ಒಂದಾದ ಮೇಲೊಂದು ಚಕ್ಕಡಿ ಬಂದರೆ ಮೊದಲನೆಯದು ಲಾಳಿಯನ್ನು ಪೇಟೆಗೆ ಒಯ್ಯುತ್ತದೆ, ಎರಡನೆಯದು ಅದು ಮರಳಿ ಬರುವ ತನಕ ಗುಡ್ಡ ನೋಡುತ್ತ ನಿಲ್ಲುತ್ತದೆ. ಹೀಗೆ ನಿಂತವರಿಗೆ ಹಸಿವಾಗುತ್ತದೆ. ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡವಳು ಹುಚ್ಚವ್ವ. ಲಾಳಿ ಅವಳ ಎಣ್ಣೆಡಬ್ಬಿಯ ಹಿಂದೆಯೇ ಇದ್ದರೂ “ಇನ್ನೂ ಬಂದಿಲ್ಲೋ ತಮ್ಮಾ, ಅಲ್ಲೀತನಕ ಎರಡು ಮಿರ್ಚಿ ತಿನ್ನು,” ಎನ್ನುತ್ತಿದ್ದಳು. ಗುಡ್ಡದ ತುದಿಯಲ್ಲಿ ಪರಪ್ಪನೂ ಒಂದು ಚಹಾದ ಒಲೆ ಹೂಡಿದ. ಪುರಸಭೆಯ ಕಸದ ಟ್ರ್ಯಾಕ್ಟರು ಎರಡು ಸಲ ಕಾಯ್ದು, ಮೂರನೆಯ ಸಲದಿಂದ ಬರುವುದನ್ನೇ ಬಿಟ್ಟಿತು. ಮನೆಮನೆಯ ಮುಂದೆ ಕಸ ಕೊಳೆತು ನಾರಿತು. ನಾರುವುದಕ್ಕೂ ನಾವು ಹೊಂದಿಕೊಂಡೆವು. ಓಣಿಯಲ್ಲಿ ಜಗಳವಿಲ್ಲವಲ್ಲ ಎಂದು ಮೂಗು ಮುಚ್ಚಿಕೊಂಡು ಹೊಗಳಿದೆವು.

ಕಾಯ್ದು ಬೇಸತ್ತವನು ಪರಪ್ಪ. ಅವನ ಉಳ್ಳಾಗಡ್ಡಿ ಚೀಲದಲ್ಲೇ ಮೊಳಕೆ ಒಡೆಯುತ್ತಿತ್ತು. ಒಂದು ದಿನ ಅವನು ತನ್ನ ಮಗ್ಗದ ಲಾಳಿಗೂ ಕೆಂಪು ಬಣ್ಣ ಬಳಿದುಬಿಟ್ಟ. ಆ ಸಂಜೆಯೇ ಈಶಪ್ಪನ ಬಾಗಿಲ ಮುಂದೆ ಪರಪ್ಪನ ಚಕ್ಕಡಿಯೂ ಜಂಗ್ಲಿಸಾಬನ ಆಟೋವೂ ಮೂತಿಗೆ ಮೂತಿ ತಾಗಿಸಿ ನಿಂತವು. ಇಬ್ಬರೂ ಒಂದೊಂದು ಕೆಂಪು ಲಾಳಿ ಎತ್ತಿ ಹಿಡಿದಿದ್ದರು. ಅವರಿಬ್ಬರ ನಡುವೆ ಸಿಕ್ಕು ಯಾರದೋ ಹಾಸು ಹರಿದು ನೆಲಕ್ಕೆ ಬಿದ್ದಿತ್ತು.

ಈಶಪ್ಪ ಹೊರಗೆ ಬಂದು ನೋಡಿದ. ಎರಡೂ ಲಾಳಿ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಅವನು ಬೈಯುತ್ತಾನೆಂದು ನಾವೆಲ್ಲ ಕಾದೆವು.

“ಪರಪ್ಪಾ, ಈಗ ಆಕೀಗೆ ದಮ್ಮು ಹತ್ತಿದ್ರ ಏನ್ ಮಾಡ್ತಿದ್ದೆ ನಾ?” ಎಂದಷ್ಟೇ ಕೇಳಿದ. ಪರಪ್ಪ ಎತ್ತು ಬಿಚ್ಚಿ ಚಕ್ಕಡಿಯನ್ನು ಕೈಯಿಂದಲೇ ಹಿಂದಕ್ಕೆ ನೂಕಿದ.

ಸುಳ್ಳು ಲಾಳಿಯನ್ನು ಹುಚ್ಚವ್ವನ ಒಲೆಗೆ ಹಾಕಲಾಯಿತು. ಓಣಿಯವರೆಲ್ಲ ಹಾಸಿನ ಮೇಲೆ ಕೈಯಿಟ್ಟು ಆಣೆ ಮಾಡಿದೆವು: ಖರೇ ಲಾಳಿ ಇಲ್ಲದೆ ಓಣಿಯೊಳಗೆ ಗಾಲಿ ಉರುಳಿಸುವುದಿಲ್ಲ, ಏನೇ ಆಗಲಿ. ಜಂಗ್ಲಿಸಾಬ ಎದೆ ಮುಟ್ಟಿಕೊಂಡು, “ಖುದಾ ಕಸಮ್ ಈಶಪ್ಪಣ್ಣ, ನನ್ನ ಕಡಿಂದ ತಪ್ಪಾಗಂಗಿಲ್ಲ,” ಎಂದ. ನಮ್ಮ ಓಣಿ ಅಷ್ಟು ಒಗ್ಗಟ್ಟಾಗಿ ಮಾಡಿದ ಕೆಲಸ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಅಂದಿನಿಂದ ಈಶಪ್ಪ ಲಾಳಿಯನ್ನು ಯಾರ ಕೈಯಲ್ಲೂ ಬಿಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗಿದ, ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗಿದ. ಬೇಕಾದವರು ಮನೆಗೆ ನಡೆದು ಬಂದು ಕೇಳಿ ಒಯ್ಯಬೇಕು, ಕೆಲಸ ಮುಗಿದ ಮೇಲೆ ತಂದು ಕೈಗೇ ಕೊಡಬೇಕು.

“ನನಗಿಂತ ಆ ಲಾಳೀನ ಚಲೋ ಜ್ವಾಪಾನ ಮಾಡ್ತೀರಿ,” ಎಂದು ಬನಶಂಕರಿ ಚಾಷ್ಟಿ ಮಾಡುತ್ತಿದ್ದಳು.

“ನಿನ್ನ ಸಲುವಾಗೇ ಮಾಡಾಕತ್ತೇನಿ,” ಎನ್ನುತ್ತಿದ್ದ. ಅದು ಖರೆಯೂ ಆಗಿತ್ತು.

ಇಷ್ಟರಲ್ಲಿ ಪುರಸಭೆಯ ಸದಸ್ಯ ಶಿವನಪ್ಪ ಒಮ್ಮೆ ಓಣಿಗೆ ಬಂದ. ಲಾಳಿಗಾಗಿ ಮೋಟರ್‌ಸೈಕಲ್ ನಿಲ್ಲಿಸಿ ಕಾಯ್ದ, ಒಂದು ತಾಟು ಮಿರ್ಚಿ ತಿಂದ, ಬೆರಗಾದ. ಹಸಿರು ದೀಪ ಕೆಂಪು ದೀಪ ಇಲ್ಲದೆ, ಪೊಲೀಸರಿಲ್ಲದೆ ಒಂದು ಓಣಿ ಇಷ್ಟು ಶಿಸ್ತಾಗಿ ನಿಲ್ಲುವುದನ್ನು ಅವನು ಕಂಡಿರಲಿಲ್ಲ. ರೋಣದಲ್ಲಿ ಒಬ್ಬ ದೊಡ್ಡ ಸಾಹೇಬರು ರೋಣ, ನರಗುಂದ, ಗಜೇಂದ್ರಗಡದ ಇಕ್ಕಟ್ಟು ಓಣಿಗಳ ಬಗ್ಗೆ ಸಭೆ ಕರೆದಿದ್ದರು. ಶಿವನಪ್ಪ ಅವರಿಗೆ, ಕಲಕತ್ತೆಯ ಟ್ರಾಮ್ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಊರಲ್ಲಿದ್ದಾರೆ ಎಂದು ಹೇಳಿಬಿಟ್ಟ. ಈಶಪ್ಪನಿಗೆ ಆಗಿನ್ನೂ ತಲೆಯಲ್ಲಿ ನಾಕು ಬಿಳಿಗೂದಲೂ ಬಂದಿರಲಿಲ್ಲ.

“ನೀವು ಬರ್ರಿ, ಆ ಯಂತ್ರಾನೂ ತರ್ರಿ. ಸಾಹೇಬರಿಗೆ ತೋರಸೂಣು,” ಎಂದ ಶಿವನಪ್ಪ.

ಹೊರಡುವ ಬೆಳಿಗ್ಗೆ ಈಶಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ಯೋಚಿಸಿದ. ಲಾಳಿ ಬಿಟ್ಟು ಹೋಗಬೇಕೋ, ಒಯ್ಯಬೇಕೋ. ಹುಚ್ಚವ್ವನ ಕೈಗೆ ಕೊಟ್ಟರೆ ಎಣ್ಣೆಡಬ್ಬಿಯ ಹಿಂದೆ ಹೋಗುತ್ತದೆ. ಪರಪ್ಪನ ಕೈಗೆ ಕೊಟ್ಟರೆ ಎರಡಾಗುತ್ತದೆ. ಕೊನೆಗೆ ಅವನಿಗೆ ಒಂದು ಹೊಳಹು ಬಂತು.

“ನಾ ಇದನ್ನ ಒಯ್ದೆ ಅಂದ್ರ ಇವತ್ತ ಓಣ್ಯಾಗ ಒಂದೂ ಗಾಡಿ ಬರಂಗಿಲ್ಲ,” ಎಂದ ಹೆಂಡತಿಗೆ. “ಓಣಿ ಖಾಲಿ. ನಿನಗ ಏನಾರ ಆತಂದ್ರ ದಾರಿ ಖುಲ್ಲಾ ಇರತೈತಿ. ಜಂಗ್ಲಿಸಾಬಗ ನಾ ಹೇಳಿ ಹೋಗತೇನಿ, ನೀ ಕರದಿ ಅಂದ್ರ ಲಾಳಿ ಇಲ್ಲದನ ಬರತಾನ.”

“ಲಗೂ ಬರ್ರಿ. ಇವತ್ತ ಮಾಡ ಕವದೈತಿ, ಎದಿ ಸ್ವಲ್ಪ ಬಿಗದಂಗ ಆಗೇತಿ,” ಎಂದಳು ಬನಶಂಕರಿ.

ಅವನ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಅವನು ಮರೆತದ್ದು ಒಂದೇ: ನಾವು ನೇಕಾರರು ಎಂಬುದು. ಇಡೀ ದಿನ ಗಾಡಿ ಬರದ ಓಣಿ ನೇಕಾರನಿಗೆ ಹಬ್ಬ. ಈಶಪ್ಪ ಬಸ್ ಹತ್ತಿದ ಸುದ್ದಿ ಮುಟ್ಟಿದ್ದೇ ತಡ, ಮನೆಮನೆಯಿಂದ ಗೂಟಗಳು ಹೊರಬಂದವು. ಪೇಟೆಯ ತುದಿಯಿಂದ ಈಶಪ್ಪನ ಬಾಗಿಲವರೆಗೆ ಒಂದರ ಬೆನ್ನಿಗೊಂದು ಹಾಸು ಕಟ್ಟಿದೆವು. ಅದರಾಚೆ ಗುಡ್ಡದವರೆಗೂ ಕಟ್ಟಿದೆವು. ಕೆಂಪು, ಹಸಿರು, ಬದನೆ ಬಣ್ಣದ ನೂಲಿನಲ್ಲಿ ಓಣಿ ತುಂಬಿ ನಿಂತಿತು. ಮೋಡ ಕವಿದಿತ್ತು. ಗಂಜಿ ಆರಲೊಲ್ಲದು.

ರೋಣದ ಸಭೆಯನ್ನು ಶಿವನಪ್ಪ ಆಮೇಲೆ ನಮಗೆ ಹೇಳಿದ್ದು. ಸಾಹೇಬರು ಎದ್ದು ಬಂದು ಕೈಕುಲುಕಿದರಂತೆ.

“ಟ್ರಾಮಿನಲ್ಲಿ ತಮ್ಮ ಸರ್ವೀಸು ಎಷ್ಟಾಯಿತು?” ಎಂದು ಕೇಳಿದರಂತೆ.

“ಭಾಳ ಇಲ್ರಿ. ಸಣ್ಣ ಸರ್ವೀಸು,” ಎಂದನಂತೆ ಈಶಪ್ಪ.

“ವಿನಯ ನೋಡಿ,” ಎಂದು ಸಾಹೇಬರು ಸಭೆಗೆ ತೋರಿಸಿ, “ನಿಮ್ಮ ಪದ್ಧತಿ ನರಗುಂದದಲ್ಲೂ ನಡೆದೀತೇ?” ಎಂದರಂತೆ.

“ಎಲ್ಲೆ ಬೇಕಾದ್ರೂ ನಡೀತೈತ್ರಿ. ಲಾಳಿ ಒಂದ ಇರಬೇಕು, ಮಂದಿ ಮಾತು ಕೇಳಬೇಕು.”

ಸಭೆ ಚಪ್ಪಾಳೆ ತಟ್ಟಿತು. ಲಾಳಿ ಕೈಯಿಂದ ಕೈಗೆ ಹೋಗಿ ಮರಳಿ ಬಂತು. ಅವನಿಗೆ ಶಾಲು ಹೊದಿಸಿದರು. ಆ ಚಪ್ಪಾಳೆಯ ಹೊತ್ತಿಗೆ ನಮ್ಮ ಓಣಿಯಲ್ಲಿ ಬನಶಂಕರಿ ಮಗ್ಗದ ಕುಣಿಯಿಂದ ಎದ್ದು ಬಾಗಿಲಿಗೆ ಬಂದು ಕಟ್ಟೆಯ ಮೇಲೆ ಕುಸಿದಿದ್ದಳು.

ನಾನೇ ಪೇಟೆಯ ತುದಿಗೆ ಓಡಿದೆ. ನಾನು ಕರೆಯುವ ಮೊದಲೇ ಜಂಗ್ಲಿಸಾಬ ಆಟೋ ಚಾಲೂ ಮಾಡಿದ. ಮುಂದಿನ ಗಾಲಿ ಓಣಿಯ ಬಾಯಿಗೆ ಬಂತು, ಹಾಸಿನ ಮೊದಲ ಗೂಟದ ಹತ್ತಿರ ನಿಂತಿತು. ಅವನು ಆ ನೂಲನ್ನೂ ನಮ್ಮ ಮುಖಗಳನ್ನೂ ನೋಡಿದ.

“ಹೇಳ್ರಿ,” ಎಂದ. “ಹೊಡೀಲೇನು?”

ಮನೆ ಗುಡ್ಡದ ತುದಿಗಿದ್ದರೂ ಹಾಸನ್ನು ಓಣಿಯ ಬಾಯಲ್ಲೇ ಕಟ್ಟಿದ್ದ ಪರಪ್ಪ ಕುಡಗೋಲು ಹಿಡಿದು ಬಂದ. ಅದಕ್ಕಾಗಿ ಅವನನ್ನು ನಾನು ಎಲ್ಲ ತಪ್ಪಿಗೂ ಕ್ಷಮಿಸುತ್ತೇನೆ. “ನಂದ ಮೊದಲು ಕೊಯ್ಯತೇನಿ,” ಎಂದ.

ಬನಶಂಕರಿ ಕಟ್ಟೆಯ ಮೇಲಿನಿಂದ ಕೈ ಎತ್ತಿದಳು. ಒಂದೊಂದು ಮಾತಿಗೂ ಉಸಿರು ಹುಡುಕುತ್ತ ಹೇಳಿದಳು, ಕಟ್ಟೆಯಿಂದ ಕಟ್ಟೆಗೆ ಮಂದಿ ಆ ಮಾತನ್ನು ನಮಗೆ ಮುಟ್ಟಿಸಿದರು: “ಕೊಯ್ಯಬ್ಯಾಡೋ ಪರಪ್ಪಾ. ಮಂದೀ ಹಾಸು. ನಾ ನಡೀತೇನಿ, ಹ್ವಾದ ಸಲ ನಡದಿಲ್ಲೇನು.”

ಕುಡಗೋಲು ಕೆಳಗಿಳಿಯಿತು. ಬೇಡ ಎಂದು ಅವಳೇ ಹೇಳಿದಳಲ್ಲ ಎಂದು ಎಲ್ಲರೂ ಎಲ್ಲರಿಗೂ ಹೇಳಿದೆವು. ನಮ್ಮ ಓಣಿಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಅಷ್ಟು ಚೆನ್ನಾಗಿ ಕೇಳಿದ್ದು ಅದೊಂದೇ ಸಲ. ಪ್ರತಿಯೊಬ್ಬರದೂ ಒಂದೊಂದು ಹಾಸು ಅಲ್ಲಿ ಹಸಿಯಾಗಿತ್ತು.

ನಾಲ್ಕು ಹೆಜ್ಜೆ ನಡೆಯುವುದೂ ಅವಳಿಂದಾಗಲಿಲ್ಲ. ಹೊರಸು ತಂದು ಮಲಗಿಸಿದೆವು. ಹಾಸಿಗೂ ಕಟ್ಟೆಗೂ ನಡುವೆ ಹೊರಸು ಹಿಡಿಯಲಿಲ್ಲ. ಕಟ್ಟೆಯ ಮೇಲೆ ಹತ್ತಿಸಿದೆವು. ಕಟ್ಟೆ ಮುಗಿದಲ್ಲಿ ಇಳಿಸಿ, ಓರೆ ಮಾಡಿ, ಮುಂದಿನ ಕಟ್ಟೆಗೆ ಹತ್ತಿಸಿದೆವು. “ಮೆಲ್ಲಗ, ನೂಲು,” ಎಂದು ಒಬ್ಬರು ಕೂಗಿದರೆ, “ಮೆಲ್ಲಗ, ಆಕಿ,” ಎಂದು ಹುಚ್ಚವ್ವ ಅಳುತ್ತ ಕೂಗುತ್ತಿದ್ದಳು. ಹೊರಸಿನ ಕಾಲು ಎಲ್ಲೋ ಗೂಟಕ್ಕೆ ಸಿಕ್ಕಾಗ ಬನಶಂಕರಿ ತಾನೇ ಕೈ ಚಾಚಿ ಬಿಡಿಸಲು ನೋಡಿದಳು. ಒಂದು ಎಳೆಯೂ ಹರಿಯಲಿಲ್ಲ. ಓಣಿಯ ಬಾಯಿ ಮುಟ್ಟುವಷ್ಟರಲ್ಲಿ ಅವಳ ಕೈ ಹೊರಸಿನಾಚೆ ಜೋಲುತ್ತಿತ್ತು.

ಜಂಗ್ಲಿಸಾಬ ಪೇಟೆಯ ಮಂದಿಯನ್ನೆಲ್ಲ ಬೈಯುತ್ತ ಓಡಿಸಿದ. ದವಾಖಾನೆಯಲ್ಲಿ ಡಾಕ್ಟರು ಅವಳ ಕೈ ಹಿಡಿದು ನೋಡಿ, ಕೆಳಗಿಟ್ಟರು. ತಡವಾಯಿತು ಎಂದು ಸಹ ಅವರು ಬೈಯಲಿಲ್ಲ.

ಅವಳನ್ನು ಅದೇ ಆಟೋದಲ್ಲಿ ತಂದೆವು. ಹುಚ್ಚವ್ವ ತೊಡೆಯ ಮೇಲೆ ಅವಳ ತಲೆ ಇಟ್ಟುಕೊಂಡು ಹಿಂದೆ ಕೂತಿದ್ದಳು. ಓಣಿಯ ಬಾಯಿಗೆ ಬಂದಾಗ ಜಂಗ್ಲಿಸಾಬ ಆಟೋ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ. ಮುಂದೆ ಹಾಸು ಇನ್ನೂ ಹಸಿಯಾಗಿಯೇ ನಿಂತಿತ್ತು.

ಆಗಲೇ ಬಸ್‌ಸ್ಟ್ಯಾಂಡಿನ ಕಡೆಯಿಂದ ಈಶಪ್ಪ ಬಂದ. ಮೈಮೇಲೆ ಶಾಲು, ಪಕ್ಕದಲ್ಲಿ ಶಿವನಪ್ಪ. ಓಣಿಯ ಬಾಯಿ ತುಂಬಿ, ಆಚೆಯ ಹಾಸನ್ನು ಮರೆಮಾಡಿ ನಿಂತ ಆಟೋವನ್ನು ದೂರದಿಂದಲೇ ಕಂಡು ಅವನ ಮುಖ ಅರಳಿತು.

“ನೋಡ್ರಿ ಸದಸ್ಯರ,” ಎಂದ. “ನಾ ಊರಾಗಿಲ್ಲ, ಅಂದ್ರೂ ಹ್ಯಾಂಗ ನಿಂತಾನ ನೋಡ್ರಿ. ಇದಕ್ಕ ಅನ್ನೂದು ಪದ್ಧತಿ ಅಂತ.”

ಸೊಂಟದಿಂದ ಲಾಳಿ ತೆಗೆದು, ಮುಂದೆ ಕೂತಿದ್ದ ಜಂಗ್ಲಿಸಾಬನಿಗೆ ಚಾಚಿದ. “ತಗೋ. ಭಾಳ ಹೊತ್ತು ನಿಂದ್ರಿಸಿದೆ. ಹೋಗು, ದಾರಿ ಖುಲ್ಲಾ ಐತಿ.”

ಜಂಗ್ಲಿಸಾಬ ಎರಡೂ ಕೈಯಲ್ಲಿ ಲಾಳಿ ತೆಗೆದುಕೊಂಡ. ಅದನ್ನು ಹಣೆಗೆ ಒತ್ತಿಕೊಂಡ. ಈಶಪ್ಪ ಇದೇನೆಂದು ಬಗ್ಗಿ ಒಳಗೆ ನೋಡಿದ. ಮೊದಲು ಕಂಡದ್ದು ಹುಚ್ಚವ್ವನ ಮುಖ. ಆಮೇಲೆ ಸೀಟಿನಿಂದ ಹೊರಗೆ ಉಳಿದ ಎರಡು ಪಾದ, ಮಗ್ಗ ತುಳಿದು ತುಳಿದು ಹಿಮ್ಮಡಿ ಒಡೆದ ಪಾದ. ಅವನು ಆ ಪಾದಗಳನ್ನು ಹಿಡಿದುಕೊಂಡು ಅಲ್ಲಿಯೇ ನೆಲಕ್ಕೆ ಕೂತ. ಶಾಲು ಜಾರಿ ಕಸದ ಮೇಲೆ ಬಿತ್ತು.

“ಮನೀಗೆ ಕರಕೊಂಡು ಹೋಗ್ರೋ,” ಎಂದ.

ಪರಪ್ಪ ಕುಡಗೋಲು ತಂದ. ಮೊದಲ ಹಾಸು ಅವನದೇ. ಕೊಯ್ದ. ಬಿಗಿಯಾಗಿ ನಿಂತ ನೂಲು ಸರ್ರನೆ ಎರಡು ಕಡೆಗೆ ಸರಿದು ನೆಲಕ್ಕೆ ಬಿತ್ತು. ಎರಡನೆಯದು ನನ್ನದು, ಕುಡಗೋಲು ಇಸಿದುಕೊಂಡು ನಾನು ಕೊಯ್ದೆ. ಆಮೇಲೆ ಅವರವರ ಹಾಸನ್ನು ಅವರವರೇ ಕೊಯ್ದರು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಹಸಿ ನೂಲಿನ ಮೇಲೆ ಗಾಲಿ ಉರುಳಿಸುತ್ತ ಜಂಗ್ಲಿಸಾಬ ಆಟೋವನ್ನು ಮೆಲ್ಲಗೆ ಒಳಗೆ ತಂದ. ಈ ಸಲ ಬೇಡ ಎನ್ನಲು ಬನಶಂಕರಿಗೆ ಆಗಲಿಲ್ಲ.